ಇಂಗ್ಲಿಷ್ ಹಳ್ಳಿಯಲ್ಲಿ ನಮ್ಮ ಶೆಟ್ಟರ ಅಂಗಡಿ

ಬೇಸಿಗೆ ರಜೆ ಮಕ್ಕಳಿಗೆ, ರಜೆಯ ಹೋಮ್‌ವರ್ಕ್ ಅಪ್ಪಂದಿರಿಗೆ. ದೆಹಲಿಯ ಶಾಲೆಗಳು ಈ ನಿಯಮವನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಆದರೂ ಇದನ್ನು ಮೀರಿದ ಅಪ್ಪನನ್ನು ನಮ್ಮ ಬಡಾವಣೆ ವಸಂತ್ ಕುಂಜ್‌ನಲ್ಲಿ ನಾನಂತೂ ಕಂಡಿಲ್ಲ. ಜೂನ್ ತಿಂಗಳ ಉರಿಯಲ್ಲಿ ತಲೆಯ ಮೇಲೆ ಥರ್ಮಾಕೋಲ್ ಹಾಳೆ ಹಿಡಿದು ಆಟೋಗೆ ಕಾಯುವ ಗಂಡಸರೆಲ್ಲ ನಮ್ಮವರೇ. ಎಲ್ಲರ ಮುಂದೆ ನಾನೂ ಇದನ್ನೊಂದು ಶಿಕ್ಷೆ ಎಂದು ಗೊಣಗುತ್ತೇನೆ. ಆದರೆ ನಿಮ್ಮ ಹತ್ತಿರ ಸುಳ್ಳೇಕೆ? ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಬೇರೆಯವರು ಬರೆದ ಕರಡನ್ನು ತಿದ್ದಿದ ಕೈ ಇದು. ಯಾರಾದರೂ ಏನಾದರೂ ಮಾಡುತ್ತಿದ್ದರೆ ಸುಮ್ಮನೆ ನೋಡಿಕೊಂಡು ಕೂರುವುದು ಇದಕ್ಕೆ ಬರುವುದಿಲ್ಲ.

ಈ ಕೈಯ ಪ್ರತಾಪವನ್ನು ನನ್ನ ಮಗಳು ಮಿನಿ ಆರನೆಯ ತರಗತಿಯಲ್ಲೇ ಅನುಭವಿಸಿದ್ದಳು. ಆ ವರ್ಷದ ಪ್ರದರ್ಶನಕ್ಕೆ ನಾನು ಮಾಡಿಕೊಟ್ಟ ಜ್ವಾಲಾಮುಖಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಪ್ರಿನ್ಸಿಪಾಲರ ರೇಷ್ಮೆ ಸೀರೆಯ ಮೇಲೆ ಕೆಂಪು ವಿನೆಗರ್ ಕಾರಿತು. ಮಾತನಾಡಲು ಎದ್ದು ನಿಂತಿದ್ದ ಹುಡುಗಿ ಅಳುತ್ತ ಕೂತುಬಿಟ್ಟಳು. ಅಂದಿನಿಂದ ತರಗತಿಯಲ್ಲಿ ಎದ್ದು ನಿಂತು ಮಾತಾಡಬೇಕಾದ ದಿನ ಅವಳು ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಿದ್ದಳು. ಏಳನೆಯ ತರಗತಿಯಲ್ಲಿ ಚೀಟಿ ಎತ್ತಿದಾಗ ಅವಳಿಗೆ ಬಂದ ವಿಷಯ: ಇಂಗ್ಲೆಂಡಿನ ಒಂದು ಬೇಸಾಯದ ಹಳ್ಳಿ, ಅಂದು ಮತ್ತು ಇಂದು. ಮನೆಗೆ ಬಂದವಳೇ ಬೆರಳೆತ್ತಿ ಹೇಳಿದಳು: "ಅಪ್ಪಾ, ಈ ಸಲ ಮಾಡೆಲ್ಲೂ ನಾನೇ ಮಾಡ್ತೀನಿ, ಸ್ಪೀಚೂ ನಾನೇ ಕೊಡ್ತೀನಿ. ನೀವು ಹಾಥ್ ಭೀ ಮತ್ ಲಗಾನಾ, ಮುಟ್ಟಲೂ ಬಾರದು. ಪ್ರಾಮಿಸ್?"

ಪ್ರಾಮಿಸ್ ಎಂದೆ. ಆಣೆ ಮಾಡುವಾಗ ನನ್ನಷ್ಟು ಪ್ರಾಮಾಣಿಕ ಮನುಷ್ಯ ಇನ್ನೊಬ್ಬನಿಲ್ಲ.

ಸೈಬರ್ ಕೆಫೆಗೆ ಹೋಗಿ ಅಂಥದೊಂದು ಹಳ್ಳಿಯವರೇ ಬರೆದ ತಮ್ಮೂರ ಚರಿತ್ರೆಯನ್ನು ಪ್ರಿಂಟ್ ಮಾಡಿಸಿ ತಂದುಕೊಡುವುದಷ್ಟೇ ನನ್ನ ಪಾಲಿನ ಕೆಲಸ. ತಂದೆ. ಮೇಲಿನ ಎರಡು ಹಾಳೆ ಓದಿಯೂ ಓದಿದೆ. ಓದಿ ಮೈ ಜುಮ್ಮೆಂದಿತು. ಊರ ಸುತ್ತ ದೊಡ್ಡ ದೊಡ್ಡ ಬಯಲು, ಅದನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಉಳುವ ಮನೆಗಳು, ನಡುವೆ ಎಲ್ಲರ ದನ ಮೇಯುವ ಹುಲ್ಲುಗಾವಲು, ಬಾತುಕೋಳಿಯ ಕೊಳ, ಚರ್ಚು, ಕಮ್ಮಾರನ ಕುಲುಮೆ, ದಿನಸಿ ಅಂಗಡಿ, ಸಂಜೆ ಬಿಯರ್ ಕುಡಿದು ಜಮೀನ್ದಾರನನ್ನು ಬಯ್ಯಲು ಒಂದು ಪಡಖಾನೆ. ಉಳಿದ ಹಾಳೆಗಳನ್ನು ನಾನು ಓದಲಿಲ್ಲ. ಕಚೇರಿಯಲ್ಲಿ ಮೇಲಿನ ಹಾಳೆ ನೋಡಿ ಸಹಿ ಹಾಕುವುದು ನಮ್ಮ ಕೆಲಸ. ಕೆಳಗಿನ ಹಾಳೆಗಳನ್ನು ಓದುವುದು ಕೆಳಗಿನವರ ಕೆಲಸ.

ಪ್ರದರ್ಶನದ ಹಿಂದಿನ ದಿನ ಭಾನುವಾರ. ಹೆಂಡತಿ ಸುಧಾ ಮಗಳನ್ನು ಕರೆದುಕೊಂಡು ಸ್ಕೂಲ್ ಶೂ ತರಲು ಹೋಗಿದ್ದಳು. ಮನೆಯಲ್ಲಿ ನಾನು, ಕೂಲರ್, ಮತ್ತು ಡೈನಿಂಗ್ ಟೇಬಲ್ ಮೇಲೆ ಮಿನಿಯ ಹಳ್ಳಿ. ಚರ್ಚು ಇತ್ತು, ಕೊಳ ಇತ್ತು, ಜಮೀನ್ದಾರನ ಬಂಗಲೆ, ಪಡಖಾನೆ, ಅಂಗಡಿ, ಹನ್ನೆರಡು ಮನೆಗಳಿದ್ದವು. ಜನ? ಒಂದು ನರಪಿಳ್ಳೆಯೂ ಇಲ್ಲ! ಒಂದೇ ಒಂದು ಪ್ಲಾಸ್ಟಿಕ್ ಟ್ರ್ಯಾಕ್ಟರ್ ಹೊಲದಲ್ಲಿ ಅನಾಥವಾಗಿ ನಿಂತಿತ್ತು. ಪಾಪ, ಮಗುವಿಗೆ ಸಮಯ ಸಾಲಲಿಲ್ಲ ಎಂದು ನನ್ನ ಕರುಳು ಚುರುಕ್ ಅಂದಿತು. ಅಟ್ಟದಿಂದ ದಸರಾ ಗೊಂಬೆಗಳ ಟ್ರಂಕು ಇಳಿಸಿದೆ.

ಪಟ್ಟದ ಗೊಂಬೆಗಳಾದ ರಾಜ ರಾಣಿ ಜಮೀನ್ದಾರ ದಂಪತಿಗಳಾದರು. ಹಾವಾಡಿಗ ಪಡಖಾನೆಯ ಬಾಗಿಲಲ್ಲಿ ಕೂತ. ದಿನಸಿ ಅಂಗಡಿಗೆ ಯಾರು? ಇದ್ದೇ ಇದ್ದಾರಲ್ಲ, ಸುಧಾಳ ಅಜ್ಜಿ ಕೊಟ್ಟ ಶೆಟ್ಟರು-ಶೆಟ್ಟಮ್ಮ! ಡೊಳ್ಳುಹೊಟ್ಟೆಯ ಬರಿಮೈಯಲ್ಲಿ ಇಂಗ್ಲೆಂಡಿನ ಚಳಿ ತಡೆಯುವುದುಂಟೇ ಎಂದು ಶೆಟ್ಟರಿಗೆ ಶೂ ಪಾಲಿಶ್‌ನಲ್ಲಿ ಕರೀ ಕೋಟು ತೊಡಿಸಿದೆ. ಕೊನೆಗೆ, ಯಾರೂ ಅಲುಗಾಡಬಾರದೆಂದು ಎಲ್ಲರನ್ನೂ ಗಟ್ಟಿ ಗೋಂದಿನಿಂದ ಅಂಟಿಸಿದೆ.

ಬಾಗಿಲು ತೆರೆದ ಸುಧಾ ಶೆಟ್ಟರನ್ನು ನೋಡಿ ಕೈಲಿದ್ದ ಚೀಲ ಕೆಳಗೆ ಬಿಟ್ಟಳು. "ಏನ್ರೀ ಇದು! ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡೋ ಬುದ್ಧಿ ನಿಮಗೆ ಯಾವತ್ತು ಹೋಗುತ್ತೆ? ನಿಮಗೆ ಮಾಡು ಅಂದೋರಾದ್ರೂ ಯಾರು?" ಇದನ್ನು ನಾನು ತಡೆದುಕೊಂಡೆ, ಅಭ್ಯಾಸವಿದೆ. ತಡೆಯಲಾಗದ್ದು ಮಿನಿಯ ಪ್ರಶ್ನೆ. ಶೆಟ್ಟರನ್ನು ಒಮ್ಮೆ ಅಲುಗಾಡಿಸಿ ನೋಡಿ, ಕಣ್ಣೊರೆಸಿಕೊಂಡು ಕೇಳಿದಳು: "ಅಪ್ಪಾ, ನೀವು ಲಾಸ್ಟ್ ಪೇಜ್ ಓದಲೇ ಇಲ್ವಾ? ಈಗ ಅಲ್ಲಿ ಕೋಯಿ ನಹೀ ರೆಹ್ತಾ, ಹಗಲೊತ್ತು ಯಾರೂ ಇರಲ್ಲ, ಅಪ್ಪಾ. ಅದೇ ತಾನೇ ನಾನು ಹೇಳಬೇಕಾಗಿದ್ದಿದ್ದು."

ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಮಗು ಒಂದು ವರ್ಷದಿಂದ ಕೂಡಿಸಿಕೊಂಡ ಧೈರ್ಯದ ಮೇಲೆ ನಾನು ಶೂ ಪಾಲಿಶ್ ಬಳಿದಿದ್ದೆ. ಗೊಂಬೆ ಕೀಳಲು ಹೋದರೆ ಹೊಲವೇ ಕಿತ್ತು ಬರುತ್ತಿತ್ತು.

ಮರುದಿನ ಶಾಲೆಯ ಹಾಲ್‌ನಲ್ಲಿ, ಕಚೇರಿಗೆ ರಜೆ ಹಾಕಿ, ಆ ಟೇಬಲ್ಲಿನ ಪಕ್ಕದಲ್ಲೇ ಕಾವಲುಗಾರನಂತೆ ನಿಂತೆ. ಹಿಸ್ಟರಿ ಮ್ಯಾಡಮ್ ಬಂದರು, ಕನ್ನಡಕ ಸರಿಮಾಡಿಕೊಂಡು ಶೆಟ್ಟರನ್ನು ನೋಡಿದರು. "ಇವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭೂಮಿ ಬಾಯಿ ಬಿಡಬಾರದೇ ಎಂದು ನಾನು ಕಣ್ಣು ಮುಚ್ಚಿದೆ.

"ಇವರು ಅಂದಿನವರು" ಎಂದಳು ಮಿನಿ. ಧ್ವನಿ ಸಣ್ಣದು, ಆದರೆ ಬಂತು. "ಜಮೀನ್ದಾರರು ಬಯಲಿಗೆ ಬೇಲಿ ಹಾಕಿದರು. ಪಟ್ಟಿ ಹೊಲದವರು ಕೂಲಿಯಾದರು, ಆಮೇಲೆ ಊರು ಬಿಟ್ಟರು." ಟಪ್ ಎಂದು ಹಾವಾಡಿಗನನ್ನು ಕಿತ್ತಳು. "ದೊಡ್ಡ ಬಂಗಲೆ ಮಾರಾಟವಾಯಿತು." ಟಪ್, ಟಪ್, ರಾಜ ರಾಣಿ ಹೋದರು. "ಟ್ರ್ಯಾಕ್ಟರ್ ಬಂದಮೇಲೆ ಇಡೀ ಊರಿಗೆ ಒಂದೇ ಮನೆಯವರ ಬೇಸಾಯ. ಶಾಲೆ ಮುಚ್ಚಿತು. ಕೊಟ್ಟಿಗೆಯನ್ನೇ ಮನೆ ಮಾಡಿ ಹಳೇ ಕೊಟ್ಟಿಗೆ ಅನ್ನೋ ಬೋರ್ಡು ಹಾಕಿರುವಲ್ಲಿ ಈಗ ಬ್ಯಾಂಕಿನವರಿದ್ದಾರೆ, ಬೆಳಗ್ಗೆ ಕಾರು ಹತ್ತಿ ಹೋದರೆ ಕತ್ತಲಾದಮೇಲೆ ಬರುತ್ತಾರೆ. ಕೊನೆಗೆ ಅಂಗಡಿಯೂ ಮುಚ್ಚಿತು." ಶೆಟ್ಟರು-ಶೆಟ್ಟಮ್ಮ ಪಾದದಡಿಯ ಹುಲ್ಲಿನ ಸಮೇತ ಎದ್ದು ಬಂದರು. ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಆಗ ಮಿನಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಅಪ್ಪಾ, ಥೋಡಾ ಸೈಡ್. ನೀವು ಅಡ್ಡ ನಿಂತಿದೀರ."

ನಾನು ಸರಿದೆ. ಹಳ್ಳಿ ಪೂರ್ತಿ ಖಾಲಿಯಾಯಿತು. ಅವಳಿಗೆ ಮೊದಲ ಬಹುಮಾನ ಬಂತು.

ಶೆಟ್ಟರ ಕೋಟು ಹೋಗಲೇ ಇಲ್ಲ. ದಸರೆಗೆ ಸುಧಾ ಅವರನ್ನು ಹಾಗೆಯೇ ಅಂಗಡಿಯಲ್ಲಿ ಕೂರಿಸಿದಳು. ಕುಂಕುಮಕ್ಕೆ ಬಂದವರು ಕೇಳಿದರೆ, "ಫಾರಿನ್‌ಗೆ ಹೋಗಿದ್ದರು, ಅಲ್ಲಿ ವ್ಯಾಪಾರ ಇರಲಿಲ್ಲವಂತೆ" ಎನ್ನುತ್ತಿದ್ದಳು. ಈ ಬೇಸಿಗೆಯಲ್ಲೂ ಮಿನಿಗೆ ಹೋಮ್‌ವರ್ಕ್ ಬಂದಿದೆ. ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿದ್ದಾಳೆ. ಥರ್ಮಾಕೋಲ್ ಬೇಕೇನಮ್ಮ ಎಂದು ಹೊರಗಿನಿಂದ ಎರಡು ಸಲ ಕೇಳಿದೆ, ಬೇಡವಂತೆ. ಶೆಟ್ಟರೇ ವಾಸಿ, ಅವರಿಗಾದರೂ ವರ್ಷಕ್ಕೆ ಹತ್ತು ದಿನ ಅಂಗಡಿಯಿದೆ.