ಸೀಟಿ ಊದಿದರೆ ಕೈ ಮೇಲೆ

ವಯಸ್ಸಾದ ಹಾಗೆ ಚಟಗಳು ಬಿಟ್ಟುಹೋಗುತ್ತವಂತೆ. ನಾನು ಬಾಸ್ಕೆಟ್‌ಬಾಲ್ ಬಿಟ್ಟು ಡಾಕ್ಟರಾದರೂ ಒಂದು ಚಟ ಮಾತ್ರ ಬಿಡಲೊಲ್ಲದು: ಎಲ್ಲಾದರೂ ಸೀಟಿ ಕೇಳಿಸಿತೋ, ಬಲಗೈ ತಾನಾಗಿ ಮೇಲೇಳುತ್ತದೆ.

ದೆಹಲಿಯ ಒಂದು ಸರ್ಕಾರಿ ಇಲಾಖೆಯ ತಂಡಕ್ಕೆ ಆಡುತ್ತಿದ್ದೆ. ಹೆಸರಿಗೆ ಗುಮಾಸ್ತ, ಸಂಬಳ ಆಡಿದ್ದಕ್ಕೆ. ನಮ್ಮ ಹರಿಯಾಣದ ಕೋಚ್ ಸಾಹೇಬರದು ಒಂದೇ ಪಾಠ. ಫೌಲ್ ಮಾಡಿದವನು ವಾದ ಮಾಡಬಾರದು. ಸೀಟಿ ಆದ ಕೂಡಲೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ತಡಮಾಡಿದರೆ ಮೈದಾನಕ್ಕೆ ಇಪ್ಪತ್ತು ಸುತ್ತು. ಆ ಇಪ್ಪತ್ತು ಸುತ್ತಿನ ಭಯ ಇವತ್ತಿಗೂ ನನ್ನ ಭುಜದಲ್ಲಿದೆ.

ಪಕ್ಕದ ಮನೆ ಕುಕ್ಕರ್

ಇಪ್ಪತ್ತೆರಡನೇ ವಯಸ್ಸಿಗೇ ಮಂಡಿ ಕೈಕೊಟ್ಟಿತು. ಆಸ್ಪತ್ರೆಗೆ ಅಲೆದೂ ಅಲೆದೂ ಡಾಕ್ಟರ ಕೆಲಸದ ಮೇಲೆ ಆಸೆ ಹುಟ್ಟಿತು. ಹಟ ಹಿಡಿದು ಓದಿ ಮೆಡಿಕಲ್ ಸೀಟು ಗಿಟ್ಟಿಸಿ, ನೌಕರಿಗೆ ರಾಜೀನಾಮೆ ಕೊಟ್ಟೆ. ಲೋಧಿ ಕಾಲೋನಿಯಲ್ಲಿದ್ದ ಅಪ್ಪನ ಸರ್ಕಾರಿ ಕ್ವಾರ್ಟರ್ಸಿಗೆ ಸುದ್ದಿ ಮುಟ್ಟಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಬೈಗುಳ ಶುರುವಾಯಿತು.

"ಸೆಂಟ್ರಲ್ ಗೌರ್ಮೆಂಟ್ ನೌಕರಿ! ಪರ್ಮನೆಂಟು! ಯಾರಾದರೂ ಬಿಡ್ತಾರೇನೋ? ಈ ಮನೇಲಿ ಬುದ್ಧಿ ಇಲ್ಲದೋರು ಯಾರು, ಹೇಳು ನೋಡೋಣ!"

ಪಕ್ಕದ ಮನೆಯ ಕುಕ್ಕರ್ ಕೂಗಿತು. ನಾನು ಕೈ ಎತ್ತಿದೆ.

ಅಮ್ಮ, "ಹುಳಿ ಬೇಕಿದ್ದರೆ ಬಾಯಿಬಿಟ್ಟು ಕೇಳೋದಲ್ವೇನೋ?" ಎಂದು ಇನ್ನೊಂದು ಸೌಟು ಬಡಿಸಿದಳು.

ಪೊಲೀಸಪ್ಪನ ದಯೆ

ಮೆಟ್ರೊಗೆಂದು ಊರೆಲ್ಲ ಅಗೆದಿದ್ದ ಕಾಲ. ಸ್ಕೂಟರಿನಲ್ಲಿ ಕಾಲೇಜಿಗೆ ಹೊರಟಿದ್ದೆ. ಸಿಗ್ನಲ್ ಹಾರಿಸಿದ ಕಾರೊಂದಕ್ಕೆ ಪೊಲೀಸಪ್ಪ ಸೀಟಿ ಊದಿದ. ಕಾರು ಹೋಯಿತು, ಕೈ ಎತ್ತಿ ನಿಂತ ನಾನು ಸಿಕ್ಕಿಬಿದ್ದೆ.

"ನಾನೇನೂ ಮಾಡಿಲ್ಲ ಸಾಬ್."

"ಮತ್ತೆ ಕೈ ಯಾಕೆ ಎತ್ತಿದೆ?"

ಫೌಲಿನ ಕಥೆಯನ್ನೆಲ್ಲ ಹೇಳಿದೆ. ಆತ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಚಲೋ, ಹೋಗು. ದಿಲ್ಲಿಯಲ್ಲಿ ತಾನಾಗಿ ತಪ್ಪು ಒಪ್ಪಿಕೊಂಡವನನ್ನು ಇವತ್ತೇ ನೋಡಿದ್ದು. ಅದೂ ಮಾಡದೇ ಇರೋ ತಪ್ಪು!" ಎಂದು ಬಿಟ್ಟುಬಿಟ್ಟ.

ಮೂಲೆ ಮಂಚದ ರೋಗಿ

ಕೊನೆಯ ವರ್ಷದ ಪರೀಕ್ಷೆಯಲ್ಲಿ ಒಮ್ಮೆ ಫೇಲಾದೆ. ಎರಡನೇ ಸಲ ಹೊರಟಾಗ, ಇನ್ನೇನು ರಿಟೈರಾಗಲಿದ್ದ ಅಪ್ಪ ಬಾಗಿಲಿಗೆ ಬಂದರು. "ಇದೂ ಹೋದರೆ ಆ ನೌಕರಿಯೂ ಇಲ್ಲ, ಈ ಡಿಗ್ರಿಯೂ ಇಲ್ಲ ಕಣೋ. ಕ್ವಾರ್ಟರ್ಸೂ ಬಿಡಬೇಕು." ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಪರೀಕ್ಷೆಯೆಂದರೆ ರೋಗಿಯನ್ನು ಮುಟ್ಟಿ ನೋಡಿ ಕಾಯಿಲೆ ಹೇಳುವುದು. ಹಿಂದಿನ ದಿನ ಪರೀಕ್ಷೆ ಮುಗಿಸಿದವರು ಗುಟ್ಟು ಹೇಳಿದ್ದರು: ಮೂಲೆ ಮಂಚದವನ ಹೊಟ್ಟೆಯಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಊದಿದೆ, ಎಡ ಪಕ್ಕೆಲುಬಿನ ಕೆಳಗೆ ಮೂರು ಬೆರಳಿನಷ್ಟು ಕೈಗೆ ಸಿಗುತ್ತದೆ.

ನಾವು ಐವರು ಸರದಿಯಲ್ಲಿ ಮುಟ್ಟಿ ನೋಡಿದೆವು. ನನ್ನ ಕೈಗೆ ಏನೂ ಸಿಗಲಿಲ್ಲ. ಆದರೆ ಮುಂದಿದ್ದ ನಾಲ್ವರೂ "ಗುಲ್ಮ, ಮೂರು ಬೆರಳು, ಸರ್" ಎಂದರು. ನಾನೂ ಮೂರು ಬೆರಳು ಎಂದುಬಿಟ್ಟೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದರು. "ಐವರಿಗೂ ಸಿಕ್ಕಿತೇ? ಸಿಗದವರು ಒಬ್ಬರೂ ಇಲ್ಲವೇ?"

ಅಷ್ಟರಲ್ಲಿ ಹೊರಗೆ ವರಾಂಡದಲ್ಲಿ ಗಾರ್ಡ್ ಸೀಟಿ ಊದಿದ. ಆರಡಿ ನಾಲ್ಕಂಗುಲದವನಾದ ನನ್ನ ಕೈ ಫ್ಯಾನಿಗೆ ತಾಗುವಷ್ಟು ಮೇಲೆದ್ದಿತು! ಸತ್ತೆ ಅಂದುಕೊಂಡೆ.

"ಮತ್ತೆ ಸಿಕ್ಕಿತು ಅಂದೆಯಲ್ಲ?"

"ಸುಳ್ಳು ಹೇಳಿದೆ ಸರ್. ಫೌಲ್."

ಅವರು ನಿಧಾನವಾಗಿ ನಕ್ಕರು. "ಗುಲ್ಮದವನು ಬೆಳಿಗ್ಗೆಯೇ ಮನೆಗೆ ಹೋದ. ಇವನಿಗಿರುವುದು ಕಾಲಿನ ಹುಣ್ಣು."

ಮಿಕ್ಕ ನಾಲ್ವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಪರೀಕ್ಷಕರು ನನ್ನನ್ನು ಇನ್ನೊಬ್ಬ ರೋಗಿಯ ಹತ್ತಿರ ಕರೆದೊಯ್ದು ಅರ್ಧ ಗಂಟೆ ಕೇಳಿದರು. ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಪಾಸಾದೆ. ಅಬ್ಬಾ, ಅವತ್ತು ಇಳಿದ ಭಾರ!

ರಿಸಲ್ಟಿನ ದಿನ, ಅವತ್ತಿನ ಸೀಟಿಗೆ ಎಂದು ಗಾರ್ಡಿಗೆ ಒಂದು ಡಬ್ಬಿ ಬರ್ಫಿ ಕೊಟ್ಟೆ. ಅವನಿಗೆ ಆಶ್ಚರ್ಯ. "ಅವತ್ತು ವರಾಂಡಕ್ಕೆ ನಾಯಿ ನುಗ್ಗಿತ್ತು, ಡಾಕ್ಟರ್ ಸಾಬ್. ಅದನ್ನು ಓಡಿಸೋಕೆ ಊದಿದ್ದು!"

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಗುವಿನ ನೀರಷ್ಟೇ ಆಗಿರಲಿಲ್ಲ ಅದು. ಆಮೇಲೆ ಮುಖ ಗಂಟಿಕ್ಕಿ ಕೇಳಿದರು:

"ಅಲ್ವೋ, ಗಾರ್ಡಿಗೆ ಬರ್ಫಿ ಕೊಟ್ಟೆ, ಸರಿ. ಆ ನಾಯಿಗೇನು ಕೊಟ್ಟೆ?"