ವಾಣದ ಗ್ಲಾಸು

ಸಂಕ್ರಾಂತಿಯ ಅರಿಷಿಣ-ಕುಂಕುಮ ಮುಗಿದ ಮರುದಿನ ಬೆಳಿಗ್ಗೆ ವಾಡಿಯ ಸುಮಧ್ವ ಜೋಶಿ ತನ್ನ ಕಪಾಟಿನ ಬಾಗಿಲು ತೆಗೆದ. ಒಳಗೆ ಗ್ಲಾಸು ಒರೆಸುವ ಮಲ್ಮಲ್ ಬಟ್ಟೆ ಇತ್ತು, ಗ್ಲಾಸು ಇರಲಿಲ್ಲ. ಆರಕ್ಕೆ ಆರೂ ಮಾಯ. ಅವನು ಬಾಗಿಲು ಮುಚ್ಚಿ ಮತ್ತೊಮ್ಮೆ ತೆಗೆದು ನೋಡಿದ. ಹಣೆಬರಹ ಹಾಗೆಲ್ಲ ಬದಲಾಗುವುದಿಲ್ಲ, ಕಪಾಟು ಖಾಲಿಯೇ ಇತ್ತು.

ಶಹಾಬಾದದ ಕಾಲೇಜೊಂದರಲ್ಲಿ ಗುಮಾಸ್ತನಾಗಿ ವರ್ಗಾವಣೆ ಪತ್ರ ಬರೆದು ಬರೆದು ಸೊರಗಿದ ಈ ಮನುಷ್ಯನಿಗೆ ಇದ್ದದ್ದು ಒಂದೇ ಚಟ: ಹಳೇ ಕಾಲದ ಕೊರೆದ ಗಾಜು. ಸಾಹೇಬರ ಕಾಲದ ಬಂಗಲೆಯ ಸಾಮಾನು ಹರಾಜಾದಾಗ ಶಹಾಬಾದದಲ್ಲಿ ಒಂದು ಗ್ಲಾಸು ಸಿಕ್ಕಿತು. ಅದರ ಜೋಡಿ ಹುಡುಕುತ್ತ ಚಿತ್ತಾಪುರದ ಗುಜರಿ, ಚಿಂಚೋಳಿಯ ಹಳೇ ವಾಡೆ ಅಂತ ಅಲೆದು ಅಲೆದು, ತಲೆಯ ಕೂದಲು ಅರ್ಧ ಉದುರುವ ಹೊತ್ತಿಗೆ ಆರು ಕೂಡಿದ್ದವು. ಗ್ಲಾಸಿನ ಹೊಟ್ಟೆಯ ಮೇಲೆ ಬೀಸಣಿಕೆ, ನಡುವೆ ವಜ್ರದ ಸಾಲು, ಬುಡಕ್ಕೆ ನಕ್ಷತ್ರ. ಈ ಡಿಸೈನಿನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಓಣಿಯವರು ಅವನಿಗೇ ‘ಗಾಜಿನ ಹುಚ್ಚ’ ಅಂತ ಹೆಸರಿಟ್ಟಿದ್ದರು.

ಇವತ್ತು ಆ ಹೆಸರು ತೊಳೆದು ಹೋಗಬೇಕಿತ್ತು. ಹಳೇ ಗಾಜು ಕೂಡಿಸುವವರ ವಾಟ್ಸಾಪ್ ಬಳಗದ ಹಿರಿಯರು, ಹೈದರಾಬಾದಿನ ಪ್ರೊಫೆಸರ್ ಅತೀಯಾ ಬೇಗಂ, ಮುಂಬೈಗೆ ಹೋಗುವ ದಾರಿಯಲ್ಲಿ ವಾಡಿಯಲ್ಲಿ ಇಳಿದು ಗ್ಲಾಸು ನೋಡುವವರಿದ್ದರು. ಅಸಲಿ ಎಂದು ಖಾತ್ರಿಯಾದರೆ ಆ ಡಿಸೈನಿಗೆ ‘ಸುಮಧ್ವ’ ಎಂದೇ ಹೆಸರಿಡುತ್ತೇನೆ ಅಂದಿದ್ದರು. “ಮೊದಲು ಫೋಟೊ ಕಳಿಸ್ರಿ” ಎಂದು ಅವರು ಎಷ್ಟು ಸಲ ಕೇಳಿದರೂ ಸುಮಧ್ವ ಕಳಿಸಿರಲಿಲ್ಲ. ಫೋಟೊ ನೋಡಿ ಯಾರಾದರೂ ತಮ್ಮದೆಂದರೆ? ಹಾಗಾಗಿ ಬಾಯಲ್ಲೇ ವರ್ಣಿಸಿ ಸುಮ್ಮನಾಗಿದ್ದ.

ಹೆಂಡತಿ ಶ್ರೀವಿದ್ಯಾ ನಸುಕಿನ ಬಸ್ಸಿಗೆ ಸೇಡಂನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದಳು. ಫೋನ್ ಮಾಡಿದರೆ ಅದು ಅಡಿಗೆಮನೆಯ ಚಾರ್ಜರಿನಲ್ಲೇ ರಿಂಗಾಯಿತು. ಅಷ್ಟರಲ್ಲಿ ಎದುರುಮನೆಯ ರುಕ್ಮಿಣಿಬಾಯಿ ಅಂಗಳದಿಂದಲೇ ಕೂಗಿದರು.

“ಏನಪಾ ಸುಮಧ್ವ, ನಿನ್ನ ಹೇಂತಿ ನಿನ್ನೆ ಎಂಥಾ ಛಂದ ಗ್ಲಾಸು ವಾಣ ಕೊಟ್ಟಾಳಂತೀನಿ! ಬೀಸಣಿಕಿ ಡಿಸೈನು, ಬುಡಕ್ಕ ನಕ್ಷತ್ರ. ಓಣ್ಯಾಗ ಆರು ಮಂದಿಗೂ ಒಂದೊಂದು ಕೊಟ್ಟಾಳ ನೋಡು, ಪುಣ್ಯಾತ್ಗಿತ್ತಿ!”

ಅರಿಷಿಣ-ಕುಂಕುಮಕ್ಕೆ ಬಂದವರ ಕೈಯಲ್ಲಿ ಒಂದು ಸಾಮಾನು ಕೊಟ್ಟು ಕಳಿಸುವುದು ಪದ್ಧತಿ, ಅದೇ ವಾಣ. ಬಟ್ಟಲು ಕೊಡುತ್ತಾರೆ, ಬಾಚಣಿಗೆ ಕೊಡುತ್ತಾರೆ. ಗಂಡನ ಜೀವವನ್ನೇ ಆರು ತುಂಡು ಮಾಡಿ ಹಂಚಿದವಳನ್ನು ಸುಮಧ್ವ ಇದೇ ಮೊದಲು ಕಂಡಿದ್ದ. ಅವನು ಅಂಗಳಕ್ಕೆ ಓಡಿದ.

“ಕಾಕು, ಕೈ ಮುಗೀತೀನಿ, ಆ ಗ್ಲಾಸು ವಾಪಸ್ ಕೊಡ್ರಿ.”

“ಅಯ್ಯ, ಹುಚ್ಚು ಹಿಡದದೇನು? ವಾಣ ವಾಪಸ್ ತಗೊಂಡ್ರ ಕೊಟ್ಟಾಕಿ ಗಂಡನ ಆಯುಷ್ಯ ಕಡಿಮಿ ಆಗ್ತದ. ಅಕಿ ಗಂಡ ಯಾರು? ನೀನ!”

“ಒಂದೆರಡು ವರ್ಷ ಹೋದ್ರ ಹೋಗ್ಲಿ ಕಾಕು. ಗ್ಲಾಸು ಕೊಡ್ರಿ.”

“ನೀ ಬಿಡ್ತೀಪಾ, ಆ ಪಾಪ ನನಗ್ಯಾಕ?” ಎಂದ ರುಕ್ಮಿಣಿಬಾಯಿ ಸ್ವಲ್ಪ ಯೋಚಿಸಿದರು. “ಬೇಕಾದ್ರ ಬದಲಿಗೆ ಬ್ಯಾರೆ ವಾಣ ಕೊಡು. ಸ್ಟೀಲಿನ ಡಬ್ಬಿ. ಆವಾಗ ಅದು ವಾಪಸ್ ಆಗಂಗಿಲ್ಲ, ಬದಲಿ ಆಗ್ತದ. ಮುಚ್ಚಳ ಇದ್ದದ್ದು ತಾ.”

ಎಲ್ಲ ಶಾಸ್ತ್ರಕ್ಕೂ ಹಿತ್ತಲ ಬಾಗಿಲು ಇರುತ್ತದೆ. ಆದರೆ ಅವತ್ತು ಪೇಟೆಗೆ ರಜೆ, ಡಬ್ಬಿ ತರುವುದಾದರೂ ಎಲ್ಲಿಂದ? ಸುಮಧ್ವ ತಲೆಯ ಮೇಲೆ ಕೈಹೊತ್ತು ನಿಂತಾಗ ಓಣಿಯ ತುದಿಯಿಂದ ದನಿ ಕೇಳಿತು.

“ಹಳೀ ಬಟ್ಟಿ ಕೊಡ್ರಿ, ಹೊಸಾ ಭಾಂಡೆ ಒಯ್ರಿ!”

ಪಾತ್ರೆ ಮಾರುವ ಮಾಸುಮಬಿ. ದೇವರು ಇದ್ದಾನೆ ಎಂದುಕೊಂಡ ಸುಮಧ್ವ ಸ್ಟೂಲು ಹತ್ತಿದ. ಶ್ರೀವಿದ್ಯಾ ಪ್ರತಿ ವರ್ಷ ಹಳೇ ಸೀರೆಗಳ ಗಂಟು ಕಟ್ಟಿ, ಭಾಂಡೆಯವಳು ಬಂದರೆ ಕೊಡಲೆಂದು ಅಟ್ಟದ ಮೇಲೆ ಇಡುತ್ತಿದ್ದಳು. ಈ ವರ್ಷದ ಗಂಟೂ ಅಲ್ಲೇ ಇತ್ತು. ಬಿಗಿಯಾಗಿ ಕಟ್ಟಿದ್ದಳು. ಅದನ್ನು ಇಳಿಸುವಷ್ಟರಲ್ಲಿ ಅವನ ನಡ ಹಿಡಿಯಿತು.

ಮಾಸುಮಬಿ ಗಂಟು ಎತ್ತಿ ನೋಡಿದಳು. “ಭಾಳ ವಜನ ಅದಲ್ರಿ ಸಾಬ್, ಏನದ ಇದ್ರಾಗ?”

“ಜರಿ ಸೀರಿ ಇರಬೇಕು. ಜರಿಗೆ ವಜನ ಇರ್ತದ.”

“ಬಿಚ್ಚಿ ನೋಡ್ತೀನಿ ತಡೀರಿ.”

“ಹೊತ್ತಾಗ್ತದ ಮಾಸುಮಬಿ. ನಿನ್ನ ಮ್ಯಾಲ ನನಗ ನಂಬಿಕಿ ಅದ.”

“ಅಲ್ರೀ, ನಂಬಬೇಕಾದಾಕಿ ನಾ!” ಎಂದು ನಕ್ಕ ಅವಳು ಮುಚ್ಚಳದ ಆರು ಡಬ್ಬಿ ಕೊಟ್ಟು ಗಂಟನ್ನು ತಲೆಯ ಮೇಲೆ ಹೊತ್ತಳು. ಎಲ್ಲೋ ‘ಕಿಣಿ’ ಎಂದು ಸಣ್ಣ ಸದ್ದಾಯಿತು. ಅವಳ ಬುಟ್ಟಿಯ ಭಾಂಡೆ ಇರಬೇಕು ಎಂದುಕೊಂಡು ಸುಮಧ್ವ ಡಬ್ಬಿಗಳನ್ನು ಎದೆಗವಚಿಕೊಂಡು ಓಡಿದ.

ರುಕ್ಮಿಣಿಬಾಯಿಯ ಗ್ಲಾಸು ತುಳಸಿಕಟ್ಟೆಯ ಮೇಲೆ ದೀಪವಾಗಿ ಉರಿಯುತ್ತಿತ್ತು. ಆರಿಸಬಾರದು, ತಾನಾಗೇ ಆರಬೇಕು ಎಂದರು. ಸುಮಧ್ವ ಕಾದ, ಕಾದು ಬೇಸತ್ತು ಕೈ ಹಾಕಿದ, ಬೆರಳು ಸುಟ್ಟುಕೊಂಡ. ಪಕ್ಕದ ಮನೆಯ ಅಮೀರ್ಬೀಗೆ ಶ್ರೀವಿದ್ಯಾ ಕುಂಕುಮ ಹಚ್ಚದಿದ್ದರೂ ಗ್ಲಾಸು ತಪ್ಪದೆ ಕೊಟ್ಟಿದ್ದಳು. ಅಲ್ಲಿ ಅದರೊಳಗೆ ಹಲ್ಲು ನಗುತ್ತಿದ್ದವು.

“ನಮ್ಮ ಸಾಹೇಬರ ಹಲ್ಲಿನ ಸೆಟ್ಟು ಭಾಯಿ. ಅವರು ಮಲಗ್ಯಾರ, ಎದ್ದಮ್ಯಾಲ ಬರ್ರಿ.”

ಹಲ್ಲುಗಳನ್ನು ಸ್ವತಃ ಎತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ ಸುಮಧ್ವನಿಗೆ ಸ್ನಾನ ಮಾಡಬೇಕೆನಿಸಿತು. ಹೊತ್ತಿರಲಿಲ್ಲ. ಓಣಿಯ ತುದಿಯ ಬೀರಲಿಂಗ ಬಾಗಿಲು ತೆರೆದಾಗ ಹೆಂಡತಿ ತಂದ ಗ್ಲಾಸು ಅವನ ಕೈಯಲ್ಲೇ ಇತ್ತು, ತಳದಲ್ಲಿ ಇನ್ನೂ ಒಂದು ಗುಟುಕು ಸೆರೆ.

“ಒಯ್ರಿ ಆಚಾರ್ರ. ನಿಮ್ಮ ಮನಿ ಗ್ಲಾಸಿನಾಗ ಹಾಕ್ಕೊಂಡ್ರ ಏರಂಗೇ ಇಲ್ಲ.”

ಉಳಿದ ಮನೆಗಳಲ್ಲಿ ಒಂದರೊಳಗೆ ಮನಿಪ್ಲಾಂಟು ಬೇರು ಬಿಟ್ಟಿತ್ತು, ಒಂದರಲ್ಲಿ ಹಲ್ಲುಜ್ಜುವ ಬ್ರಶ್ಶುಗಳಿದ್ದವು, ಇನ್ನೊಂದರಲ್ಲಿ ಕೋಳಿ ನೀರು ಕುಡಿಯುತ್ತಿತ್ತು. ಅಷ್ಟರೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತ್ತು: ಗಂಡ ಹೆಂಡತಿ ಜಗಳಾಡಿದ್ದಾರೆ, ಅವಳು ಮನೆ ಬಿಟ್ಟು ಹೋಗಿದ್ದಾಳೆ, ಇವನು ಅವಳು ಕೊಟ್ಟ ವಾಣ ಕಸಿಯುತ್ತಿದ್ದಾನೆ.

“ಭಾಭಿ ಬರ್ತಾರ ಬಿಡ್ರಿ ಭಾಯಿ, ಅಳಬ್ಯಾಡ್ರಿ” ಎಂದು ಅಮೀರ್ಬೀ ಬಾಗಿಲಲ್ಲಿ ನಿಂತು ಸಮಾಧಾನ ಹೇಳಿದಳು. ಅಲ್ಲಿಯವರೆಗೆ ಸುಮಧ್ವನಿಗೆ ಅಳು ಬಂದಿರಲಿಲ್ಲ.

ಮನೆಗೆ ಬಂದು ಆರನ್ನೂ ತೊಳೆದು, ಒರೆಸಿ, ಟೇಬಲ್ಲಿನ ಮೇಲೆ ಸಾಲಾಗಿಟ್ಟ. ರೂಢಿಯಂತೆ ಒಂದಕ್ಕೆ ಉಗುರಿನಿಂದ ಚಿಟಿಕೆ ಹೊಡೆದ. ಅಸಲಿ ಗಾಜು ಗುಡಿಯ ಗಂಟೆಯ ಹಾಗೆ ಬಹಳ ಹೊತ್ತು ನುಡಿಯಬೇಕು. ಇದು ‘ಟಪ್’ ಎಂದಿತು. ಎಣ್ಣೆ, ಮಸಿ, ಕೋಳಿ ಎಲ್ಲ ಕಂಡು ಬಂದಿದೆ, ಪಾಪ, ದಣಿದಿರಬೇಕು, ಒಣಗಿದರೆ ದನಿ ಬರುತ್ತದೆ ಎಂದುಕೊಂಡ. ಅವನೂ ದಣಿದಿದ್ದ.

ಸಂಜೆಗೆ ಅತೀಯಾ ಬೇಗಂ ಬಂದರು. ಮೂಲ ಚಿಂಚೋಳಿಯವರು, ಮಾತು ಇನ್ನೂ ಈ ಕಡೆಯದೇ.

“ಇವ ಏನ್ರಿ ಜೋಶಿಯವರ, ನೀವು ಹೇಳಿದ ಆರು?”

“ಇವ ರೀ ಮೇಡಂ. ಕಣ್ಣು ಮುಚ್ಚಿ ಕೊಟ್ರೂ ಮುಟ್ಟಿ ಗುರುತು ಹಿಡೀತೀನಿ. ನನ್ನ ಮಕ್ಕಳಿದ್ದಂಗ.”

ಅತೀಯಾ ಬೇಗಂ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚಿಟಿಕೆ ಹೊಡೆದರು. ಬೆರಳಿನಿಂದ ಮೇಲಿಂದ ಕೆಳಗೆ ಸವರಿದರು. ಇನ್ನೊಂದು, ಮತ್ತೊಂದು. ಆಮೇಲೆ ಕನ್ನಡಕ ತೆಗೆದರು.

“ಬ್ಯಾಸರ ಮಾಡ್ಕೋಬ್ಯಾಡ್ರಿ. ಇಲ್ಲಿ ಬೆರಳಿಡ್ರಿ. ಗೆರಿ ಹತ್ತಿತ? ಇದು ಅಚ್ಚಿನ ಗೆರಿ. ಇವು ಕೊರದಾವಲ್ಲ, ಅಚ್ಚಿನಾಗ ಹೊಯ್ದಾವ. ಬಜಾರದಾಗ ಈಗ ಬರಾಕತ್ತಾವ ನೋಡ್ರಿ, ಅಂಥಾವ.”

“ಆಗಂಗಿಲ್ರಿ! ನಾ ಆಣಿ ಮಾಡ್ತೀನಿ, ಇವ ನನ್ನ ಗ್ಲಾಸು.”

“ನಿಮ್ಮಾವು ಅಲ್ಲ ಅಂತ ನಾ ಎಲ್ಲಿ ಅಂದೆ? ಹಳೀವಲ್ಲ ಅಂದೆ.” ಕೊಟ್ಟ ಚಹಾ ಅರ್ಧ ಕುಡಿದು, ರೈಲಿಗೆ ಹೊತ್ತಾಗುತ್ತದೆಂದು ಆಟೊ ಹತ್ತಿದರು.

ದೀಪ ಹಚ್ಚುವ ಹೊತ್ತಿಗೆ ಶ್ರೀವಿದ್ಯಾ ಬಂದಳು. ಗಂಡ ಕತ್ತಲಲ್ಲಿ ಆರು ಗ್ಲಾಸುಗಳ ಮುಂದೆ ಕುಳಿತಿದ್ದ.

“ಇವ್ಯಾಕ ಇಲ್ಲಿ ಬಂದ್ವು? ಇವು ನಾ ವಾಣ ಕೊಟ್ಟಾವಲ್ಲ?”

“ನನ್ನ ಗ್ಲಾಸು ಹಂಚಿದಿ. ಎಲ್ಲಾರ ಮನಿ ತಿರುಗಿ ತಂದೆ. ಈಗ ನೋಡಿದ್ರ ಅವು ಅಸಲಿನೂ ಅಲ್ಲಂತ.”

“ಅಯ್ಯ ನಿಮ್ಮ! ನಿಮ್ಮ ಗ್ಲಾಸು ನಾ ಯಾರಿಗಾದ್ರೂ ಕೊಡ್ತೀನೇನು? ನಿಮಗ ಸೇರ್ತದಂತ ಅಂಥಾದ ಡಿಸೈನು ಹುಡುಕಿ ಡಜನ್ ತಂದಿದ್ದೆ. ಆರು ಓಣ್ಯಾಗ ಕೊಟ್ಟೆ, ಆರು ಸೇಡಂದಾಗ ಕೊಟ್ಟು ಬಂದೆ. ನಿಮ್ಮಾವು ನಿನ್ನೆ ಮಂದಿ ಕೈಗೆ ಸಿಕ್ಕು ಒಡದಾವಂತ ನಮ್ಮವ್ವನ ಇಳಕಲ್ ಸೀರ್ಯಾಗ ಒಂದೊಂದ ಸುತ್ತಿ, ಗಂಟು ಕಟ್ಟಿ ಅಟ್ಟದ ಮ್ಯಾಲ...”

ಅವಳು ಅಟ್ಟ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಎಲ್ಲ ಕೇಳಿದ ಮೇಲೆ ಕಣ್ಣಿಗೆ ಸೆರಗು ಹಚ್ಚಿ ಒಂದೇ ಮಾತು ಕೇಳಿದಳು.

“ಮಕ್ಕಳಿದ್ದಂಗ ಅಂತೀರಿ. ನಿಮ್ಮ ಗ್ಲಾಸು ನಿಮಗ ಗುರುತು ಹತ್ತಲಿಲ್ಲೇನ್ರಿ?”

ಸುಮಧ್ವ ಸ್ಟೇಶನ್ನಿಗೆ ಓಡಿದ. ಮಾಸುಮಬಿ ಇಷ್ಟೊತ್ತು ಪ್ಲಾಟ್‌ಫಾರ್ಮಿನ ಮೇಲೆ ಗಂಟು ಬಿಚ್ಚಿ ಕುಳಿತಿದ್ದಳು, ಈಗಷ್ಟೇ ರಾಯಚೂರಿನ ಗಾಡಿ ಹತ್ತಿ ಹೋದಳು ಎಂದು ಚಹಾದವನು ಹೇಳಿದ. ಮುಂಬೈ ಗಾಡಿಯೂ ಹೋಗಿತ್ತು. ಅವನು ಕಾಲೆಳೆಯುತ್ತ ಮನೆಗೆ ಬಂದರೆ ರುಕ್ಮಿಣಿಬಾಯಿ ಕಟ್ಟೆಯ ಮೇಲೆ ಕಾಯುತ್ತಿದ್ದರು. “ಡಬ್ಬಿ ಮುಚ್ಚಳ ಬಿಗಿ ಕೂಡವಲ್ದಪಾ. ನನ್ನ ಗ್ಲಾಸು ನನಗ ಕೊಡು.” ಅವನು ಒಳಗೆ ಹೋಗಿ ಒಂದು ಗ್ಲಾಸು ತಂದು ಕೊಟ್ಟ.

ಆಗ ಫೋನ್ ಸದ್ದಾಯಿತು. ಬಳಗದಲ್ಲಿ ಅತೀಯಾ ಬೇಗಂ ಫೋಟೊ ಹಾಕಿದ್ದರು. ರೈಲಿನ ಸೀಟಿನ ಮೇಲೆ, ಇಳಕಲ್ ಸೀರೆಯ ಮೇಲೆ, ಆರು ಗ್ಲಾಸು. ಬೀಸಣಿಕೆ, ವಜ್ರ, ನಕ್ಷತ್ರ.

“ವಾಡಿ ಸ್ಟೇಶನ್ನಿನಲ್ಲಿ ಪಾತ್ರೆ ಮಾರುವ ಹೆಣ್ಣುಮಗಳ ಗಂಟಿನಲ್ಲಿ ಸಿಕ್ಕವು. ಜೋಶಿಯವರು ನಕಲು ಕೊಂಡಿದ್ದರಲ್ಲ, ಅದರ ಅಸಲಿ ಇದು. ಮಾತು ಕೊಟ್ಟಂತೆ, ಯಾರ ಬಳಿ ಅಸಲಿ ಸಿಕ್ಕವೋ ಅವರ ಹೆಸರನ್ನೇ ಇಡುತ್ತಿದ್ದೇನೆ. ಇನ್ನು ಮೇಲೆ ಇದು ‘ಮಾಸುಮಬಿ’ ಡಿಸೈನ್.”

ಸುಮಧ್ವ ‘ಅವು ನನ್ನವು’ ಎಂದು ಬರೆದ. ತೋರಿಸಲು ಒಂದು ಫೋಟೊ ಇಲ್ಲ. ಟೇಬಲ್ಲಿನ ಮೇಲಿನವೇ ನನ್ನವು ಎಂದು ಆಣೆ ಮಾಡಿದ್ದೂ ತಾನೇ. ಬರೆದದ್ದನ್ನು ಅಳಿಸಿ ‘ಭಾಳ ಛಂದ ಅದಾವ ಮೇಡಂ’ ಎಂದು ಕಳಿಸಿದ.

ಉತ್ತರ ಕೂಡಲೇ ಬಂತು. “ಥ್ಯಾಂಕ್ಸ್ ಜೋಶಿಯವರ. ಚಿಂತಿ ಮಾಡಬ್ಯಾಡ್ರಿ. ನೋಡಿ ನೋಡಿ ನಿಮಗೂ ಗುರುತು ಹಿಡಿಯಾಕ ಬರ್ತದ.”