ಅತ್ತೆಯ ಮಣಿಕಟ್ಟಿನ ಮೊಟ್ಟೆ

“ಅಮ್ಮಾ, ಅಜ್ಜಿ ಕೈಯಲ್ಲಿ ಮೊಟ್ಟೆ ಇಡ್ತದ್ಯಾ?”

ಸ್ನಾನ ಮುಗಿಸಿ, ಮೈಯಿಂದ ನೀರು ಸುರಿಸಿಕೊಂಡೇ ಅಡುಗೆಮನೆಗೆ ಓಡಿಬಂದ ಪ್ರಣಿತಾ ಕೇಳಿದ ಪ್ರಶ್ನೆ ಇದು. ಧನ್ಯಶ್ರೀ ದೋಸೆ ಮಗುಚುತ್ತಿದ್ದಳು. ನಾಲ್ಕು ವರ್ಷದ ಮಗಳ ಪ್ರಶ್ನೆಗಳಿಗೆಲ್ಲ ತಲೆ ಕೊಟ್ಟರೆ ಆ ಮನೆಯಲ್ಲಿ ದೋಸೆ ಎಂಬುದೇ ಆಗಲಿಕ್ಕಿಲ್ಲ. ಹೂಂ ಎಂದು ಇನ್ನೊಂದು ದೋಸೆ ಹುಯ್ದಳು. ಮಗು ಬಿಡಲಿಲ್ಲ. ಅಜ್ಜಿ ಕೈಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿಟ್ಟು ತನ್ನ ಮೈ ತಿಕ್ಕಿದಳು, ಮಣಿಕಟ್ಟಿನ ಮೇಲೆ ಗುಬ್ಬಿ ಮೊಟ್ಟೆಯಂಥದ್ದು ಒಂದಿದೆ, ಒತ್ತಿದರೆ ಜಾರುತ್ತದೆ, ಮರಿ ಯಾವಾಗ ಹೊರಗೆ ಬರುತ್ತದೆ ಎಂದು ವಿಚಾರಣೆಯನ್ನೇ ಶುರುಮಾಡಿತು.

ದೋಸೆ ಸೀದುಹೋಯಿತು.

ಅತ್ತೆ ದುರ್ಗಿ ಹೊನ್ನಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆ ಹಿಡಿದಳೆಂದರೆ, ಗಿರಾಕಿ ಚೀಲ ಬಿಡಿಸುವುದರೊಳಗೆ ಮೀನು ಸ್ವಚ್ಛವಾಗಿ ಕುಳಿತಿರುತ್ತಿತ್ತು. ಆ ಬಲಗೈಗೆ ಅವಳು ಕೆಲವು ವಾರಗಳಿಂದ ಹಳೇ ಬಟ್ಟೆ ಸುತ್ತಿಕೊಂಡಿದ್ದಳು. ಏನೆಂದು ಕೇಳಿದ್ದಕ್ಕೆ, “ಎಂತದೂ ಅಲ್ಲ, ಮೀನಿನ ಮುಳ್ಳು ತಾಗಿದ್ದು” ಎಂದು ಮಾತು ಮುಗಿಸಿದ್ದಳು.

ಯಾವ ಮುಳ್ಳು ಮೊಟ್ಟೆ ಇಡುತ್ತದೆ?

ಧನ್ಯಶ್ರೀ ಸುಮ್ಮಸುಮ್ಮನೆ ಹೆದರಿದ್ದಲ್ಲ. ಅವಳ ಹೆತ್ತಮ್ಮ ಕುತ್ತಿಗೆಯ ಗಂಟೊಂದನ್ನು ಹೀಗೇ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ತೋರಿಸುವ ಹೊತ್ತಿಗೆ ತೋರಿಸಿಯೂ ಪ್ರಯೋಜನವಿರಲಿಲ್ಲ. ಮದುವೆಯಾಗಿ ಬಂದ ಮೇಲೆ ತಲೆಗೆ ಎಣ್ಣೆ ಹಚ್ಚಿದ್ದೂ, ಬಾಣಂತನ ಮಾಡಿದ್ದೂ, ಬೈದದ್ದೂ ದುರ್ಗಿಯೇ. ಇನ್ನೊಬ್ಬ ಅಮ್ಮನನ್ನೂ ಗಂಟಿಗೆ ಒಪ್ಪಿಸಲು ಅವಳು ತಯಾರಿರಲಿಲ್ಲ.

ಮೊಬೈಲ್ ತೆಗೆದು ನೋಡಿದಳು. ಮಣಿಕಟ್ಟಿನ ಗಂಟು ಎಂದು ಬರೆದದ್ದೇ ತಡ, ಮೊದಲ ಸಾಲಿನಲ್ಲಿ ಹೆದರಬೇಡಿ ಎಂದಿತ್ತು. ಕೆಳಗೆ ಹೋದಂತೆಲ್ಲ ಹೆದರಿಸುತ್ತ ಹೋಯಿತು. ಕೊನೆಗೆ ಕೈಯೇ ಇಲ್ಲದ ಒಂದು ಚಿತ್ರ ಬಂತು. ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು.

ಆದರೂ ಧನ್ಯಶ್ರೀ ಧೀರೆ. ದಿನಚರಿಯಲ್ಲಿ ಅಂದೇ ಬರೆದಳು: “ಅತ್ತೆಗೆ ಗೊತ್ತಾಗದ ಹಾಗೆ ಅತ್ತೆಯನ್ನು ಡಾಕ್ಟರಿಗೆ ತೋರಿಸುತ್ತೇನೆ. ಇದು ನನ್ನಿಂದ ಮಾತ್ರ ಸಾಧ್ಯ!”

ದುರ್ಗಿಗೆ ಆಸ್ಪತ್ರೆ ಎಂದರೆ ಆಗದು. ಹಿಂದೊಮ್ಮೆ ಜ್ವರಕ್ಕೆಂದು ಕರೆದುಕೊಂಡು ಹೋದಾಗ ಸರದಿಯಿಂದಲೇ ಮಾಯವಾಗಿ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದಳು. ಅದಕ್ಕೇ ಧನ್ಯಶ್ರೀ ತನ್ನ ಬುದ್ಧಿಯನ್ನೆಲ್ಲ ಕಡೆದು ಒಂದು ಸುಳ್ಳು ತೆಗೆದಳು. ತನಗೇ ಯಾಕೋ ಸರಿಯಿಲ್ಲ, ಕುಮಟಾದಲ್ಲಿ ಒಬ್ಬರು ಲೇಡಿ ಡಾಕ್ಟರು ಚೆನ್ನಾಗಿ ನೋಡುತ್ತಾರಂತೆ, ಒಬ್ಬಳೇ ಹೋಗಲು ಹೆದರಿಕೆ, ಜೊತೆಗೆ ಬರಬೇಕು, ಭಟ್ಕಳದ ಮೀನುದೋಣಿಯಲ್ಲಿ ದುಡಿಯುವ ಗಂಡ ವಿನೋದನಿಗೆ ಮಾತ್ರ ಈಗಲೇ ಹೇಳುವುದು ಬೇಡ ಎಂದಳು.

ದುರ್ಗಿ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಖ ಅರಳಿತು. “ಆತು ಮಗಾ, ಹೋಗುವಾ” ಎಂದಳು. ಇಷ್ಟು ಸುಲಭವಾಗಿ ಒಪ್ಪಿದ್ದು ಕಂಡು ಧನ್ಯಶ್ರೀ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಆ ಹೆಮ್ಮೆ ಮಧ್ಯಾಹ್ನದ ಊಟದವರೆಗೆ ಮಾತ್ರ ಉಳಿಯಿತು. ಬಡಿಸಿಕೊಂಡ ಏಡಿಯನ್ನು ದುರ್ಗಿ ಸೊಸೆಯ ತಟ್ಟೆಯಿಂದ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. “ಅದು ಉಷ್ಣ, ನಿಂಗೆ ಬೇಡ.” ಅದರ ಬದಲಿಗೆ, ವಿನೋದನಿಗೂ ಕೊಡದ ನೊಗ್ಲಿ ಮೀನಿನ ನಡುತುಂಡು ಬಂದು ಬಿತ್ತು. ಬಾವಿಕಟ್ಟೆಯಲ್ಲಿ ಕೊಡ ಎತ್ತಲು ಹೋದರೆ ದುರ್ಗಿ ಓಡಿಬಂದು ಕಸಿದುಕೊಂಡಳು, ಅದೂ ಗಂಟಿದ್ದ ಕೈಯಲ್ಲೇ. ಬೈಗುಳವಿಲ್ಲದೆ ಒಂದು ಇಡೀ ಸಂಜೆ ಕಳೆಯಿತು. ಆ ಮನೆಯ ಚರಿತ್ರೆಯಲ್ಲಿ ಇಂಥ ಸಂಜೆ ಬಂದದ್ದೇ ಇರಲಿಲ್ಲ.

ಧನ್ಯಶ್ರೀಗೆ ಎಲ್ಲ ಅರ್ಥವಾಯಿತು. ತನ್ನ ಗಂಟು ಎಂಥದ್ದೆಂದು ಅತ್ತೆಗೆ ಗೊತ್ತಾಗಿದೆ. ಹೋಗುವವರು ಹೋಗುವ ಮೊದಲು ಹೀಗೆ ಮೆತ್ತಗಾಗುತ್ತಾರೆ.

ಮರುದಿನ ದುರ್ಗಿ ಟ್ರಂಕು ತೆರೆದು, ತೊಳೆದು ತೊಳೆದು ಬೆಣ್ಣೆಯಂತಾದ ತನ್ನ ಹಳೇ ನೂಲಿನ ಸೀರೆಗಳನ್ನೆಲ್ಲ ತೆಗೆದು, ಮಡಚಿ, ಸೊಸೆಯ ಮಡಿಲಿಗಿಟ್ಟಳು. “ಮುಂದೆ ನಿಂಗೇ ಬೇಕಾಗ್ತದೆ. ಆಗ ಹುಡ್ಕುದು ಬೇಡ.”

ಆಸ್ತಿ ಹಂಚಿಕೆಯೇ ನಡೆದುಹೋಯಿತಲ್ಲ! ಧನ್ಯಶ್ರೀ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೋಗಿ ಕೂತು, ಆ ಸೀರೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ದುರ್ಗಿ ಹುಡುಕಿಕೊಂಡು ಬಂದಳು. ಭರಣಿಯಿಂದ ಒಂದು ಉಪ್ಪು ಮಾವಿನಕಾಯಿ ತಂದು ಕೈಗಿಟ್ಟಳು. ಸಾಯುವ ಅತ್ತೆ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಸೊಸೆ ಬಿಕ್ಕುತ್ತ ಓಟೆಯವರೆಗೂ ಚೀಪಿದಳು. ಅದನ್ನು ನೋಡಿ ದುರ್ಗಿಗೆ ಪರಮ ತೃಪ್ತಿಯಾಯಿತು.

ಕುಮಟಾಕ್ಕೆ ಹೊರಟ ಬೆಳಿಗ್ಗೆ ಮಗುವನ್ನು ಅಂಗನವಾಡಿಗೆ ಬಿಟ್ಟು ಹೊನ್ನಾವರದಲ್ಲಿ ಬಸ್ ಹತ್ತಲು ಬಂದರೆ, ಮಾರ್ಕೆಟ್ಟಿನ ಹೆಂಗಸರೆಲ್ಲ ಇವಳನ್ನೇ ನೋಡುತ್ತಿದ್ದರು. ದುರ್ಗಿಯ ಪಕ್ಕದಲ್ಲೇ ಬುಟ್ಟಿ ಇಟ್ಟು, ದಿನವಿಡೀ ಅವಳ ಗಿರಾಕಿಗಳನ್ನು ಕೂಗಿ ಕರೆಯುವ ಬೆಳ್ಳಿ ಎದ್ದು ಬಂದು ಧನ್ಯಶ್ರೀಯ ಗಲ್ಲ ಮುಟ್ಟಿ, ನಿಧಾನ ಹೋಗಿ ಬಾ ಎಂದಳು. ಜಗಳಗಂಟಿ ಬೆಳ್ಳಿಯ ಕಣ್ಣಲ್ಲೂ ಕರುಣೆ! ಮಾರ್ಕೆಟ್ಟಿಗೇ ಗೊತ್ತಾಗಿದೆ ಎಂದುಕೊಂಡಳು ಧನ್ಯಶ್ರೀ. ಬಸ್ಸಿನ ದಾರಿಯುದ್ದಕ್ಕೂ ಅವಳು ಅತ್ತೆಯ ಎಡಗೈ ಹಿಡಿದುಕೊಂಡಿದ್ದಳು. ಪ್ರತಿ ಹೊಂಡಕ್ಕೂ ದುರ್ಗಿ ಡ್ರೈವರನನ್ನು ಶಪಿಸುತ್ತ, ಸೊಸೆಯ ಹೊಟ್ಟೆಗೆ ತನ್ನ ಬಲಗೈ ಅಡ್ಡ ಹಿಡಿಯುತ್ತಿದ್ದಳು.

ಡಾಕ್ಟರು ಏನು ತೊಂದರೆ ಎಂದು ಕೇಳಿದರು. ಧನ್ಯಶ್ರೀ ಕಣ್ಣು ಮುಚ್ಚಿ, ಅತ್ತೆಯ ಬಲಗೈಯನ್ನು ಸರಕ್ಕನೆ ಎಳೆದು ಮೇಜಿನ ಮೇಲಿಟ್ಟು, ಬಟ್ಟೆಯ ಗಂಟು ಬಿಚ್ಚಿದಳು.

“ನನ್ನ ಕೈ ಎಂತಕೆ?” ಎಂದಳು ದುರ್ಗಿ. “ಇದ್ರ ಹೊಟ್ಟೆ ನೋಡಿ ಅಮ್ಮಾ. ಬಸ್ರಿ ಇದು.”

ಡಾಕ್ಟರು ಇಬ್ಬರನ್ನೂ ನೋಡಿದರು. ಧನ್ಯಶ್ರೀ ಬಾಯಿ ತೆರೆದಳು. ಏಡಿ, ಕೊಡ, ಸೀರೆ, ಮಾವಿನಕಾಯಿ, ಬೆಳ್ಳಿಯ ಕರುಣೆ, ಎಲ್ಲವೂ ಒಂದರ ಹಿಂದೊಂದು ಬಂದು ತಲೆಗೆ ಬಡಿದವು. ಬಾಯಿಂದ ಮಾತ್ರ ಇಷ್ಟೇ ಬಂತು: “ಅಲ್ಲ ಡಾಕ್ಟ್ರೇ. ಕೈಯೇ.”

ಡಾಕ್ಟರು ಗಂಟು ಮುಟ್ಟಿದರು, ಒತ್ತಿದರು, ಎದ್ದುಹೋಗಿ ದೀಪ ಆರಿಸಿದರು. ಕತ್ತಲಲ್ಲಿ ಧನ್ಯಶ್ರೀ ಅತ್ತೆಯ ಸೆರಗು ಹಿಡಿದಳು. ಅಮ್ಮನ ಡಾಕ್ಟರೂ ಹೀಗೇ ಮಾತಾಡದೆ ಎದ್ದು ಹೋಗಿದ್ದರು. ಪುಟ್ಟ ಟಾರ್ಚೊಂದು ಗಂಟಿಗೆ ಅಂಟಿ ನಿಂತಿತು. ಗಂಟು ಮಾಗಿದ ಮುರುಗಲು ಹಣ್ಣಿನಂತೆ ಕೆಂಪಗೆ ಬೆಳಗಿತು.

“ನೋಡಿ, ಬೆಳಕು ಆಚೆ ದಾಟುತ್ತೆ. ನೀರಿನಂಥದ್ದು ತುಂಬಿಕೊಂಡ ಗಂಟು, ಕೀಲಿನ ಹತ್ತಿರ ಬರುತ್ತೆ. ಕ್ಯಾನ್ಸರ್ ಅಲ್ಲ.” ಸ್ಕ್ಯಾನಿಂಗ್ ಮಾಡಿಸಿದ ಮೇಲೂ ಅದನ್ನೇ ಹೇಳಿದರು. ನೋವಿಲ್ಲದಿದ್ದರೆ ಅದರ ಪಾಡಿಗೆ ಅದನ್ನು ಬಿಡಬಹುದಂತೆ.

ಕುಮಟಾ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಧನ್ಯಶ್ರೀ ಅಳತೊಡಗಿದವಳು ನಿಲ್ಲಿಸಲೇ ಇಲ್ಲ. ಅಮ್ಮನ ಗಂಟಿನ ಕತೆಯೆಲ್ಲ ಹೇಳಿದಳು.

“ನಾ ಸಾಯ್ತೆ ಅಂದ್ಕಂಡಿದ್ಯಾ?” ದುರ್ಗಿ ಕೇಳಿದಳು.

“ನೀವು ಏಡಿ ಕಸ್ಕಂಡ್ರಿ. ಬೈಲೇ ಇಲ್ಲ. ಮತ್ತೆಂತ ಅಂದ್ಕಳ್ಳುದು ಅತ್ತೆ?”

ದುರ್ಗಿ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೊದಲು ತನ್ನದು, ಆಮೇಲೆ ಸೊಸೆಯದು. ಆ ಹೊತ್ತಿಗೆ ಧನ್ಯಶ್ರೀಯ ಮೊಬೈಲ್ ಸದ್ದು ಮಾಡಿತು. ವಿನೋದನ ಸಂದೇಶ. ಅದೇ ದೋಣಿಯಲ್ಲಿ ದುಡಿಯುವ ಬೆಳ್ಳಿಯ ಮೈದುನ, ವಿನೋದನ ಹೆಂಡತಿ ಬಸುರಿಯೆಂದು ಎಲ್ಲರಿಗೂ ಸಿಹಿ ಹಂಚಿದನಂತೆ. ಕಟ್ಟಿಕೊಂಡ ಗಂಡನಿಗೆ ಮಾತ್ರ ಯಾಕೆ ಹೇಳಲಿಲ್ಲ ಎಂದು ಕೇಳಿದ್ದ.

ದುರ್ಗಿ ಗಂಭೀರಳಾದಳು. ಬಿಚ್ಚಿದ ಬಟ್ಟೆಯನ್ನು ಮತ್ತೆ ಮಣಿಕಟ್ಟಿಗೆ ಸುತ್ತಿಕೊಂಡು, ಗಂಟು ಹಾಕಲು ಕೈಯನ್ನು ಸೊಸೆಯ ಮುಂದೆ ಚಾಚಿದಳು. ಇಷ್ಟು ದಿನ ಅಡಗಿಸಿಟ್ಟದ್ದನ್ನು ಆಗ ಹೇಳಿದಳು. ಗಂಟು ಇದ್ದ ಕೈ ಕೊಯ್ದ ಮೀನು ಯಾರು ತಿಂದಾರು? ಡಾಕ್ಟರು ನೀರೆಂದರೆ ಸಾಲದು, ಬೆಳ್ಳಿ ಅದನ್ನು ಕುಷ್ಠ ಎಂದರೆ ಮುಗಿಯಿತು. ತನ್ನ ಬುಟ್ಟಿಯ ಮುಂದೆ ಮತ್ತೊಬ್ಬ ಗಿರಾಕಿ ನಿಲ್ಲುವುದಿಲ್ಲ.

“ಆಸ್ಪತ್ರೆಗೆ ಹೋದದ್ದು ನನ್ನ ಕೈಗೆ ಅಂತ ಗೊತ್ತಾಪುದು ಬೇಡ. ಗಂಡನಿಗೆ ನಿಜ ಹೇಳು. ಬಸ್ರಿ ಅಂತ ಮಾರ್ಕೆಟ್ಟಿಗೆ ಹೇಳಿದ್ದು ನಾನೇ, ಅಲ್ಲ ಅಂತ್ಲೂ ನಾನೇ ನಿಧಾನ ಹೇಳ್ತೆ, ಡಾಕ್ಟ್ರು ಪಿತ್ತ ಅಂದ್ರು ಅಂತ. ಇವತ್ತೊಂದು ಉಪಕಾರ ಮಾಡು ಮಗಾ.”

“ಎಂತ ಅತ್ತೆ?”

“ಹೊನ್ನಾವರದಲ್ಲಿ ಇಳಿದ್ಮೇಲೆ ಒಂದೇ ಒಂದು ಸಲ ವಾಂತಿ ಬಂದಂಗೆ ಮಾಡು.” ದುರ್ಗಿ ಸ್ವಲ್ಪ ಯೋಚಿಸಿ, ಸೊಸೆಯ ಕಿವಿಯ ಹತ್ತಿರ ಬಾಗಿದಳು. “ನಮ್ಮ ಬುಟ್ಟಿ ಹತ್ರ ಬೇಡ. ಬೆಳ್ಳಿ ಮೀನಿನ ಎದುರು ನಿಂತು ಮಾಡು.”